ತೂಕದ ದಿನ ತಿನ್ನಿಸಿದ ಮುದ್ದೆ

ನನ್ನ ತಮ್ಮ ಹೊತ್ತ ಅಪವಾದಕ್ಕೆ ಕಾರಣ ನಾನೆಂದು ಹೇಳಲು ಇಪ್ಪತ್ತೆರಡು ವರ್ಷ ನನಗೆ ಬಾಯಿ ಬರಲಿಲ್ಲ. ಹೋದ ಭಾನುವಾರ ಒಂಟಿಕೊಪ್ಪಲಿನಲ್ಲಿ ಹಳೆಯ ಆಟಗಾರರು ಸೇರಿದ್ದರು. ಜಿಲ್ಲೆಯ ಜೂನಿಯರ್ ಕಬಡ್ಡಿ ಪಂದ್ಯಾವಳಿಯ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರೆ. ತಮ್ಮ ಮಹೇಶನ ಜೊತೆ ನಾನೂ ಹೋಗಿದ್ದೆ. ಅವನಿಗೆ ಆಟ ಕಲಿಸಿದ ಮೇಷ್ಟ್ರು ಒಂದೊಂದೇ ವರ್ಷದ್ದು ಓದುತ್ತಾ, "ತಪ್ಪಿದ್ರೆ ಈಗಲೇ ಹೇಳ್ಬುಡಿ, ನಾಳೆ ಅಚ್ಚಿಗೆ ಹೋಗುತ್ತೆ" ಅಂದರು.

ಮಹೇಶ ಕ್ಯಾಪ್ಟನ್ ಆಗಿದ್ದ ವರ್ಷ ಬಂತು. "ಕ್ಯಾಪ್ಟನ್ ಬಾಯಿಚಪಲಕ್ಕೆ ತಿಂದು ತೂಕ ಮೀರಿದ. ಅವನಿಲ್ಲದೆ ತಂಡ ಮೊದಲ ಆಟದಲ್ಲೇ ಸೋತಿತು." ಎಲ್ಲರೂ ನಕ್ಕರು. "ಈಗ ಎಷ್ಟು ಮುದ್ದೆ ಇಳಿಸ್ತೀಯೋ ಮಹೇಶ?" ಎಂದು ಯಾರೋ ಕೂಗಿದರು. ಅವನೂ ನಕ್ಕ, ಆದರೆ ನನ್ನ ಕಡೆ ನೋಡಲಿಲ್ಲ.

ಜೂನಿಯರ್ ಆಟಕ್ಕೆ ತೂಕದ ಮಿತಿಯಿದೆ, ಮೀರಿದವರನ್ನು ಆಡಿಸುವುದಿಲ್ಲ; ಅದಕ್ಕೇ ಪಂದ್ಯದ ದಿನ ತೂಕ ಹಾಕುವವರೆಗೆ ಆಟಗಾರರು ಏನೂ ತಿನ್ನುವುದಿಲ್ಲ. ಅವತ್ತು ಅವನ ಬಾಡಿದ ಮುಖ ನೋಡಲಾರದೆ ನಾನೇ ಮುದ್ದೆ, ಸಾರು ಇಟ್ಟು, ತಿನ್ನದಿದ್ದರೆ ನನ್ನಾಣೆ ಎಂದಿದ್ದೆ. ಅರ್ಧ ಕೆಜಿ ಹೆಚ್ಚು ಬಂತು. ಮೇಷ್ಟ್ರು ಮನೆಗೆ ಬಂದು ಬೈದಾಗ, ಅಪ್ಪ ಅವನಿಗೆ ಹೊಡೆದಾಗ, ನಾನು ಒಲೆ ಮುಂದೆ ಸುಮ್ಮನೆ ಕೂತಿದ್ದೆ. ಅವನು ನನ್ನ ಹೆಸರು ಎತ್ತಲಿಲ್ಲ.

ಮೇಷ್ಟ್ರು ಹಾಳೆ ತಿರುವುವಷ್ಟರಲ್ಲಿ ಎದ್ದು ನಿಂತೆ. "ಅದು ಸುಳ್ಳು ಸಾರ್. ಆಣೆ ಹಾಕಿ ತಿನ್ನಿಸಿದೋಳು ನಾನು" ಎಂದೆ. ಮಹೇಶ ನನ್ನ ಸೆರಗು ಎಳೆದು, "ಕೂತ್ಕೊ ಅಕ್ಕ, ಹಳೇದು ಬುಡು" ಎಂದ.

ಮೇಷ್ಟ್ರು ಆ ಸಾಲನ್ನು ಹೊಡೆದುಹಾಕಿದರು. ಆದರೂ ನಾನು ಕೂರಲಿಲ್ಲ. ಎಲ್ಲರೆದುರೇ ಅವನ ಕಡೆ ತಿರುಗಿ, "ತಪ್ಪಾಯ್ತು ಕಣೋ ಮಹೇಶ. ಅವತ್ತೇ ಹೇಳ್ಬೇಕಿತ್ತು, ಅಪ್ಪನಿಗೆ ಹೆದರ್ಕೊಂಡ್ಬುಟ್ಟೆ" ಎಂದೆ.