ಕಲ್ಲು ಕೆತ್ತುವ ಮಗಳು

ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನ ಚಂದ್ರಮೋಹನ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ಸುಳ್ಳು ಅವರ ಸ್ವಭಾವವಲ್ಲ. ಆದರೆ ಒಬ್ಬಳೇ ಮಗಳು ಪ್ರಗತಿ ಆಸ್ಟಿನ್ನಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಹಳೆಯ ಕಟ್ಟಡಗಳ ಕಲ್ಲುಕೆತ್ತನೆ ಕಲಿಯಲು ಬೆಲ್ಜಿಯಮ್ಮಿಗೆ ಹೋದಾಗ, ಹ್ಯೂಸ್ಟನ್ನಿನ ಕನ್ನಡಿಗರ ಮುಂದೆ ನಿಜ ಬಾಯಿಗೆ ಬರಲಿಲ್ಲ. "ಆರ್ಕಿಟೆಕ್ಚರ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ" ಎಂದುಬಿಟ್ಟರು. ಹೆಂಡತಿ ಶಕುಂತಲಾ ಬೇಡವೆಂದರೂ ಕೇಳದೆ, ಮರುವರ್ಷ "ಮುಗೀತು" ಎಂದೂ ಸೇರಿಸಿದರು.

ಈ ದೀಪಾವಳಿಗೆ ಪ್ರಗತಿ ಬಂದಿದ್ದಳು. ಅವಳ ಭಾಷಣವೊಂದನ್ನು ಕನ್ನಡ ಕೂಟದ ಸುಚೇತಾ ಏರ್ಪಡಿಸಿದರು. ಆಗಲೂ ಚಂದ್ರಮೋಹನ ಬಾಯಿ ಬಿಡಲಿಲ್ಲ.

"ಡಾಕ್ಟರ್ ಪ್ರಗತಿ" ಎಂದು ಸುಚೇತಾ ಮೈಕಿನಲ್ಲಿ ಕರೆದಾಗ ಮಗಳು ತಂದೆಯ ಕಡೆ ನೋಡಿದಳು.

"ಡಾಕ್ಟರ್ ಅಲ್ಲ ಆಂಟಿ, ಕಲ್ಲು ಕೆತ್ತೋಳು" ಎಂದಳು. "ಅಪ್ಪಂಗೆ ನಾನೇ ಸರಿಯಾಗಿ ಹೇಳಿರ್ಲಿಲ್ಲ."

ಸಭೆ ನಕ್ಕಿತು. ಚಂದ್ರಮೋಹನರ ಕಿವಿ ಕಾದವು.

ಪರದೆಯ ಮೇಲೆ ಬೆಲ್ಜಿಯಮ್ಮಿನ ಲ್ಯೂವೆನ್ ನಗರದ ಪುರಭವನ ಮೂಡಿತು. ಹದಿನೈದನೆಯ ಶತಮಾನದ ಗಾಥಿಕ್ ಕಟ್ಟಡ. ಚೂಪು ಕಮಾನಿನ ಕಿಟಕಿಗಳು, ಮೂಲೆಗಳಲ್ಲಿ ಸಪೂರ ಗೋಪುರಗಳು, ಗೋಡೆಯ ತುಂಬ ಅಕ್ಕಸಾಲಿಗ ಮಾಡಿದಂಥ ಕುಸುರಿ.

"ಅರಮನೇನಾ?" ಯಾರೋ ಕೇಳಿದರು.

"ಅಲ್ಲ ಅಂಕಲ್, ನಮ್ಮ ಸಿಟಿ ಹಾಲ್ ಥರ. ಊರಿನೋರು ಕಟ್ಟಿಸಿದ್ದು. ಗೋಡೆಯ ಈ ಗೂಡುಗಳಲ್ಲಿ ಪ್ರತಿಮೆ ಬರೋಕೆ ನಾನೂರು ವರ್ಷ ಹಿಡೀತು. ಕಟ್ಟಿದೋರು ಯಾರೂ ಅವನ್ನ ನೋಡ್ಲೇ ಇಲ್ಲ."

ಮೆದು ಕಲ್ಲು ಸವೆಯುತ್ತದೆ, ಉದುರಿದ ಹೂವಿನ ಜಾಗಕ್ಕೆ ಅಂಥದೇ ಹೂವು ಕೆತ್ತಿ ಕೂರಿಸುವುದನ್ನು ಕಲಿಯುತ್ತಿದ್ದೇನೆ ಎಂದು ಹೇಳಿ ತಾನು ಕೆತ್ತಿದ ಎಲೆಬಳ್ಳಿಗಳನ್ನೂ ತೋರಿಸಿದಳು. ಆ ಚಿತ್ರಗಳನ್ನು ಅವಳು ತಂದೆಗೆ ಎಂದೋ ಕಳಿಸಿದ್ದಳು. ಯಾರಾದರೂ ಕಂಡಾರೆಂದು ಚಂದ್ರಮೋಹನ ತೆರೆದೇ ನೋಡಿರಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ಅವರೇ ಬಾಯಿಬಿಟ್ಟರು. "ನೀನು ಸರಿಯಾಗೇ ಹೇಳಿದ್ದೆ ಕಣೆ. ಸುಳ್ಳು ಹೇಳಿದ್ದು ನಾನು."

"ಐ ನೋ, ಅಪ್ಪ. ಎಲ್ರ ಮುಂದೆ ಅದನ್ನ ಹೇಗೆ ಹೇಳ್ಲಿ?"

ಅವಳು ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು.

ಅವಳು ಹೊರಟುಹೋದ ಮೇಲೆ, ಡಲ್ಲಾಸ್ ಕಡೆಯ ಮರ್ಫಿಯಲ್ಲಿ ಗೆಳೆಯ ರಾಮಮೂರ್ತಿಯವರ ಮನೆಯ ಊಟದಲ್ಲಿ ಮತ್ತೆ ಅದೇ ವಿಷಯ ಬಂತು. "ಮಗಳ ಪಿಎಚ್‌ಡಿ ಮುಗೀತಂತೆ?" ಎಂದರು ರಾಮಮೂರ್ತಿ.

"ಅದು ನಾನು ಕಟ್ಟಿದ ಸುಳ್ಳು ಕಣಯ್ಯ. ಅವಳು ಕಲ್ಲು ಕೆತ್ತುತ್ತಾಳೆ."

ರಾಮಮೂರ್ತಿ ಚಿತ್ರಾನ್ನ ಬಡಿಸಲು ಎದ್ದರು.

ಮರುದಿನ ಚಂದ್ರಮೋಹನ ಮಗಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದರು.

"ಓಕೆ ಅಪ್ಪ" ಎಂದಳು ಪ್ರಗತಿ. "ಕೆಲಸದಲ್ಲಿದೀನಿ, ಆಮೇಲೆ ಮಾಡ್ತೀನಿ."

ನಿಜ ಹೇಳಿದ್ದಕ್ಕೆ ಮಗಳು ಶಹಬ್ಬಾಸ್ ಎನ್ನಲೆಂದು ಕಾದಿದ್ದೆನಲ್ಲ ಎನ್ನುವುದು ಫೋನ್ ಇಟ್ಟಮೇಲೆ ಹೊಳೆದು, ಶಕುಂತಲಾ ಎದುರಿಗೂ ಅವರಿಗೆ ತಲೆ ಎತ್ತಲಾಗಲಿಲ್ಲ.