ನೆಲ ನೋಡಿ ಮರದ ನಾಡಿ ಹಿಡಿಯುವ ಎಲೆಯಕ್ಕ

ಬೆಳಗಿನ ಐದೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಉದ್ದ ಕೋಲಿನ ಪೊರಕೆಯನ್ನು ಹೆಗಲಿಗೆ ಒರಗಿಸಿಕೊಂಡು, ಹಸಿರು ಜಾಕೆಟ್ ತೊಟ್ಟ ಹೆಂಗಸೊಬ್ಬರು ರಸ್ತೆಯ ಅಂಚಿನಲ್ಲಿ ನಿಧಾನಕ್ಕೆ ನಡೆಯುತ್ತಿದ್ದಾರೆ. ಕಸ ಗುಡಿಸುವವರು, ಆದರೆ ಗುಡಿಸುತ್ತಿಲ್ಲ. ಮರದಿಂದ ಮರಕ್ಕೆ ಹೋಗುತ್ತಾರೆ, ನಿಲ್ಲುತ್ತಾರೆ, ಬಗ್ಗಿ ಏನನ್ನೋ ಎತ್ತಿ ಬೆರಳಲ್ಲಿ ಉಜ್ಜಿ ನೋಡುತ್ತಾರೆ, ಮತ್ತೆ ನಡೆಯುತ್ತಾರೆ. ಉಂಗುರ ಕಳೆದುಕೊಂಡು ಹುಡುಕುತ್ತಿದ್ದಾರೆಂದು ಹೊಸಬರು ಭಾವಿಸಿದರೆ ತಪ್ಪಿಲ್ಲ. ಕಳೆದ ವಾರ ಹಾಲು ಹಾಕಲು ಬಂದವನೊಬ್ಬ ತನ್ನ ಮೊಬೈಲಿನ ಬೆಳಕನ್ನೂ ಬಿಟ್ಟನಂತೆ.

"ಇದು ನೋಡೋ ಸುತ್ತು," ಎನ್ನುತ್ತಾರೆ ಅವರು. "ಮೊದ್ಲು ನೋಡೋದು, ಆಮೇಲೆ ಗುಡಿಸೋದು. ಗುಡಿಸಿಬಿಟ್ಟ ಮೇಲೆ ನೋಡೋಕೆ ಏನಿರುತ್ತೆ?"

ಒಂದು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟು ಉದ್ದದ ಈ ರಸ್ತೆಯಲ್ಲಿ ಐವತ್ತೆಂಟು ಮರಗಳಿವೆ. ಹತ್ತೊಂಬತ್ತು ವರ್ಷಗಳಿಂದ ಇದನ್ನು ಗುಡಿಸುತ್ತಿರುವ ಇವರನ್ನು ಇಲ್ಲಿಯವರೆಲ್ಲ ಎಲೆಯಕ್ಕ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ ಅವರು ತಿರುಗಿಯೂ ನೋಡುವುದಿಲ್ಲ. ಮಾಮೂಲಿ ದಿನಗಳಲ್ಲಿ ಮೂರು ತಳ್ಳುಗಾಡಿ ಕಸ ಆಗುವ ಈ ರಸ್ತೆಯಲ್ಲಿ ಚಳಿ ಮುಗಿದು ಬಿಸಿಲು ಬಲಿಯುವ ಐದಾರು ವಾರಗಳಲ್ಲಿ ದಿನಕ್ಕೆ ಒಂಬತ್ತು ಗಾಡಿ ತುಂಬುತ್ತದೆ. ತಿಂಗಳಿಗೆ ಎರಡು ಪೊರಕೆ ಸವೆಯುವಲ್ಲಿ ನಾಲ್ಕು ಬೇಕಾಗುತ್ತವೆ. ಉಳಿದ ಗುಡಿಸುವವರು ಶಪಿಸುವ ಈ ಕಾಲವೇ ಎಲೆಯಕ್ಕನಿಗೆ ಬಲು ಇಷ್ಟ.

ವಿಚಿತ್ರವೆಂದರೆ ಇವರು ಮರ ನೋಡುವುದೇ ಕಡಿಮೆ. ಕತ್ತಿನ ಮೂಳೆ ಸವೆದಿದೆ, ತಲೆಯೆತ್ತಿದರೆ ಕಣ್ಣು ಕತ್ತಲೆ ಬರುತ್ತದೆ. ಮೇಲಿನ ಸಮಾಚಾರವೆಲ್ಲ ಅವರಿಗೆ ಕೆಳಗೇ ಸಿಗುತ್ತದೆ. ಬೂರುಗದ ಬುಡದಲ್ಲಿ ಹಿಟ್ಟಿನಂತೆ ಬಿದ್ದ ಮರದ ಪುಡಿಯನ್ನು ತೋರಿಸಿ, "ಕುಟ್ರುಹಕ್ಕಿ ಮನೆ ಕಟ್ಟೋಕೆ ಶುರು ಮಾಡಿದೆ, ಒಣಕೊಂಬೆ ಕೊರೀತಿದೆ," ಎನ್ನುತ್ತಾರೆ. ಹೊಂಗೆಯ ಕೆಳಗೆ ಹತ್ತಿಯ ಎಳೆ, ಗೋಣಿಚೀಲದ ನಾರು ಉದುರಿದ್ದರೆ ಅಳಿಲು ಬಾಣಂತನಕ್ಕೆ ಹಾಸಿಗೆ ಸಿದ್ಧಮಾಡುತ್ತಿದೆ ಎಂದರ್ಥ. ಸಾಸಿವೆಯಷ್ಟು ಸಣ್ಣ ಕಪ್ಪು ಕಾಳುಗಳು ಉದುರಿದ್ದರೆ, "ಇದು ಹುಳದ ಹಿಕ್ಕೆ. ಎಳೆ ಎಲೆಗೆ ಹುಳು ಊಟಕ್ಕೆ ಕೂತಿದೆ. ಇನ್ನು ನಾಲ್ಕು ದಿನಕ್ಕೆ ಹಕ್ಕಿಗಳು ಆ ಹುಳಾನೇ ಊಟ ಮಾಡ್ತಾವೆ." ಮೈನಾದ ಮೊಟ್ಟೆಯ ನೀಲಿ ಚಿಪ್ಪು ಸಿಕ್ಕಿದ ದಿನ ಮಾತ್ರ ಅದನ್ನು ಕಸಕ್ಕೆ ಹಾಕದೆ ಜಾಕೆಟ್ಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಅದು ಪುಡಿಯಾಗಿರುತ್ತದೆ, ಆದರೂ ಪ್ರತಿ ವರ್ಷ ಹಾಕಿಕೊಳ್ಳುತ್ತಾರೆ.

ಕಾಗೆಗಳ ಜೊತೆ ಮಾತ್ರ ಹಳೆಯ ಜಗಳ. ಪೊರಕೆಯನ್ನು ಗೋಡೆಗೆ ಒರಗಿಸಿ ಟೀ ಕುಡಿಯಲು ಹೋದರೆ ಸಾಕು, ಗೂಡಿಗೆಂದು ಕಡ್ಡಿ ಕಿತ್ತುಕೊಂಡು ಹಾರುತ್ತವೆ. "ಗಟ್ಟಿ ಕಡ್ಡೀನೇ ಆರಿಸ್ತಾವೆ ನೋಡಿ. ಈ ರಸ್ತೆ ಕಾಗೆ ಗೂಡೆಲ್ಲಾ ಸರ್ಕಾರಿ ಪೊರಕೇದು," ಎಂದು ನಗುತ್ತಾರೆ.

ಈ ವಿದ್ಯೆ ಬಂದದ್ದು ಅತ್ತೆಯಿಂದ. ಇದೇ ರಸ್ತೆಯನ್ನು ಅತ್ತೆ ಇಪ್ಪತ್ತಾರು ವರ್ಷ ಗುಡಿಸಿದ್ದರು. ಸೊಸೆಗೆ ಪೊರಕೆ ಒಪ್ಪಿಸುವಾಗ ಅವರು ಹೇಳಿದ್ದು ಒಂದೇ ಮಾತು: ಬಿದ್ದದ್ದನ್ನು ಓದಿ ಎತ್ತು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲ ಸೊಸೆ ಗೋಡೆ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಡತೊಡಗಿದರು: ಯಾವ ಮರದ ಎಲೆ ಎಂದು ಉದುರಿತು, ಹೂವು ಎಂದು ಬಿತ್ತು, ಮೊದಲ ಚಿಪ್ಪು ಎಲ್ಲಿ ಸಿಕ್ಕಿತು. ಹತ್ತೊಂಬತ್ತು ಕ್ಯಾಲೆಂಡರುಗಳು ಎರಡು ಕೋಣೆಯ ಮನೆಯ ಮಂಚದ ಕೆಳಗೆ ಸುರುಳಿಯಾಗಿ ಮಲಗಿವೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಇದೆಲ್ಲ ತಮಾಷೆ. "ಇವಳನ್ನ ಮೊದಲ ಸಲ ನೋಡಿದಾಗ ತಲೆ ತಗ್ಗಿಸ್ಕೊಂಡು ಕೂತಿದ್ಲು. ಪಾಪ, ಎಷ್ಟು ನಾಚಿಕೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಇರುವೆ ಸಾಲು ನೋಡ್ತಿದ್ಲಂತೆ," ಎನ್ನುತ್ತಾರೆ ಅವರು. ಹಾಗೆ ಹೇಳುತ್ತಲೇ ಕ್ಯಾಲೆಂಡರುಗಳಿಗೆ ಜಿರಳೆ ತಾಗದಂತೆ ಪ್ಲಾಸ್ಟಿಕ್ ಸುತ್ತುತ್ತಾರೆ.

ಹತ್ತೊಂಬತ್ತರಲ್ಲಿ ಒಂದು ಕ್ಯಾಲೆಂಡರನ್ನು ಎಲೆಯಕ್ಕ ಬಿಚ್ಚುವುದಿಲ್ಲ. ಅದು ಆರು ವರ್ಷದ ಹಿಂದಿನದು.

ಈ ರಸ್ತೆಯಲ್ಲಿ ಆಗ ಹನ್ನೆರಡು ಬಸರಿ ಮರಗಳಿದ್ದವು. ಬಸರಿಯ ಸ್ವಭಾವವೇ ಬೇರೆ. ಒಂದೇ ವಾರದಲ್ಲಿ ಎಲೆಯೆಲ್ಲ ಕಳಚಿ ಬೋಳಾಗಿ ನಿಲ್ಲುತ್ತದೆ. ಮತ್ತೆ ಒಂದು ದಿನ ಇದ್ದಕ್ಕಿದ್ದಂತೆ ಮೊಗ್ಗು ಬಿಚ್ಚುತ್ತದೆ. ಬಿಚ್ಚುವಾಗ ಮೊಗ್ಗನ್ನು ಮುಚ್ಚಿಕೊಂಡಿದ್ದ ಬಿಳಿಗೆಂಪಿನ ತೆಳು ಸಿಪ್ಪೆ ಕೆಳಗೆ ಉದುರುತ್ತದೆ. ಎಲ್ಲ ಬಸರಿಗಳೂ ಒಟ್ಟಿಗೆ ಚಿಗುರುವುದಿಲ್ಲ. ಒಂದೊಂದಕ್ಕೆ ಒಂದೊಂದು ಗಳಿಗೆ. ಆ ವರ್ಷ ನಿವೃತ್ತ ಟೀಚರೊಬ್ಬರ ಗೇಟಿನ ಮುಂದಿದ್ದ ಮರ ಬೋಳಾಗಿಯೇ ಇತ್ತು. ಒಣಮರಗಳ ಪಟ್ಟಿ ಮಾಡಲು ಬಂದ ಅಂದಿನ ಮೇಸ್ತ್ರಿ ಎಲೆಯಕ್ಕನನ್ನು ಕೇಳಿದರು. ಮೂರು ವಾರದಿಂದ ಅದರ ಕೆಳಗೆ ಒಂದು ಎಲೆಯೂ ಬಿದ್ದಿಲ್ಲ, ಒಂದು ಸಿಪ್ಪೆಯೂ ಬಿದ್ದಿಲ್ಲ, ಅದು ಸತ್ತಿದೆ ಎಂದು ಇವರು ಕಡ್ಡಿ ಮುರಿದಂತೆ ಹೇಳಿದರು. ಮಂಜಿನ ಬೆಳಗು, ಎತ್ತರದ ಮರ. ಮೇಲೆ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಮರುದಿನ ಗರಗಸ ಇಟ್ಟರು. ಕಾಂಡದಿಂದ ಬೆಳ್ಳಗೆ ಹಾಲು ಇಳಿಯಿತು.

"ಕೊಂಬೆ ನೆಲಕ್ಕೆ ಬಿತ್ತಲ್ಲ, ಆಗ ನೋಡಿದೆ. ತುದೀಲಿ ಎಲ್ಲಾ ಮೊಗ್ಗು. ಕೆಲವು ಬಿಚ್ಚಿದ್ವು. ಅದನ್ನೂ ಕೆಳಗೆ ಬಿದ್ದ ಮೇಲೇ ನೋಡಿದೆ ನೋಡಿ ನಾನು," ಎನ್ನುವಾಗ ಎಲೆಯಕ್ಕನ ದನಿ ಸಣ್ಣದಾಗುತ್ತದೆ.

ಆದದ್ದು ಇಷ್ಟೇ. ಆ ಚಳಿಗಾಲದಲ್ಲಿ ಎಲೆಯಕ್ಕನ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದನ್ನು ಟೀಚರಮ್ಮ ನೋಡಿದ್ದರು. ಪಾಪ, ಕೆಲಸ ಸ್ವಲ್ಪ ಹಗುರವಾಗಲಿ ಎಂದು ದಿನಾ ಐದು ಗಂಟೆಗೇ ಎದ್ದು ತಮ್ಮ ಗೇಟಿನ ಮುಂದೆ ತಾವೇ ಗುಡಿಸಿ, ಬಿದ್ದದ್ದನ್ನೆಲ್ಲ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಉಪಕಾರ ಹೇಳಿಕೊಳ್ಳಬಾರದೆಂದು ಹೇಳಿರಲಿಲ್ಲ. ಎಲೆಯೂ ಗುಂಡಿಯಲ್ಲಿತ್ತು, ಸಿಪ್ಪೆಯೂ ಗುಂಡಿಯಲ್ಲಿತ್ತು. ಮರ ಬಿದ್ದ ಮಧ್ಯಾಹ್ನ ಇಬ್ಬರೂ ಬೊಡ್ಡೆಯ ಪಕ್ಕ ಕುಳಿತು ಅತ್ತರು. ಯಾರನ್ನು ಯಾರು ಸಮಾಧಾನ ಮಾಡಬೇಕೋ ತಿಳಿಯಲಿಲ್ಲ. ಟೀಚರಮ್ಮ ಅಂದಿನಿಂದ ಗೇಟಿನ ಹೊರಗೆ ಒಂದು ಕಡ್ಡಿಯನ್ನೂ ಮುಟ್ಟಿಲ್ಲ.

ನೋಡೋ ಸುತ್ತು ಹುಟ್ಟಿಕೊಂಡದ್ದು ಅದರ ಮರುದಿನ. ಕೆಲಸ ಇಪ್ಪತ್ತು ನಿಮಿಷ ಹೆಚ್ಚಾಯಿತು, ಅಷ್ಟು ಬೇಗ ಏಳುವುದೂ ರೂಢಿಯಾಯಿತು. ನೆಲ ಸುಮ್ಮನಿದೆ ಎಂದರೆ ಮರ ಸತ್ತಿದೆ ಎಂದೇ ಅರ್ಥವಲ್ಲ, ನಮಗಿಂತ ಮುಂಚೆ ಯಾರಾದರೂ ಬಂದು ಹೋಗಿರಬಹುದು ಎಂಬುದನ್ನು ಅವರು ಕಲಿತದ್ದು ಒಂದು ಮರವನ್ನು ತೆತ್ತು.

ಈಗ ಅದೇ ಪ್ರಶ್ನೆ ಮತ್ತೆ ಎದುರಾಗಿದೆ. ಬಸ್ ತಂಗುದಾಣದ ಹತ್ತಿರ ಎರಡು ಬಸರಿಗಳಿವೆ. ಒಂದು ಹತ್ತು ದಿನದ ಹಿಂದೆಯೇ ಚಿಗುರಿ ತಾಮ್ರದ ಬಣ್ಣಕ್ಕೆ ತಿರುಗಿ ಜಂಭದಿಂದ ನಿಂತಿದೆ. ಪಕ್ಕದ ಮೂವತ್ತೇಳನೇ ನಂಬರಿನ ಮರ ಬೋಳು. ಹೊಸದಾಗಿ ವರ್ಗವಾಗಿ ಬಂದ ಮೇಸ್ತ್ರಿ ಅದರ ಮೈಮೇಲೆ ಕೆಂಪು ಬಣ್ಣದಲ್ಲಿ ಕತ್ತರಿ ಗುರುತು ಎಳೆದಿದ್ದಾರೆ. ಒಣಮರ ಬಸ್ಸಿಗೆ ಕಾಯುವವರ ತಲೆಮೇಲೆ ಬಿದ್ದರೆ ಉತ್ತರ ಹೇಳಬೇಕಾದವರು ಅವರು. ಅವರ ಹೆದರಿಕೆಯಲ್ಲೂ ನ್ಯಾಯವಿದೆ. ಎಲೆಯಕ್ಕ ಹದಿನೈದು ದಿನ ಕೇಳಿದ್ದರು, ಮೇಸ್ತ್ರಿ ಶನಿವಾರದವರೆಗೆ ಕೊಟ್ಟಿದ್ದಾರೆ. ಇಂದು ಶುಕ್ರವಾರ.

"ಕ್ಯಾಲೆಂಡರ್ ತಗೊಂಡೋಗಿ ತೋರ್ಸಿದೆ. ಇದು ಯಾವತ್ತೂ ಪಕ್ಕದ್ದಕ್ಕಿಂತ ಹನ್ನೊಂದು, ಹನ್ನೆರಡು ದಿನ ತಡ. ತೊಗಟೆ ಉದುರಿಲ್ಲ, ಕುಟ್ರುಹಕ್ಕಿ ಪುಡಿ ಬಿದ್ದಿಲ್ಲ. ಒಳಗೆ ಟೊಳ್ಳಾಗಿದ್ರೆ ಅವು ಬಿಡ್ತಿದ್ವಾ? ಅದಕ್ಕೆ ಸಾಹೇಬ್ರು, ನೋಡಮ್ಮ, ಕ್ಯಾಲೆಂಡರ್ ನಂಬಿ ಮರ ಬಿಡೋಕಾಗುತ್ತಾ ಅಂದ್ರು. ಅವರು ಹೇಳೋದೂ ಸರಿ. ಒಂದು ಸಲ ನನ್ನ ಮಾತು ನಂಬಿನೇ ಮರ ಹೋಗಿದ್ದು."

ಶುಕ್ರವಾರದ ನೋಡೋ ಸುತ್ತಿನಲ್ಲಿ ಮೂವತ್ತೇಳರ ಕೆಳಗೆ ಸಿಕ್ಕಿದ್ದು ಎರಡು ಬಸ್ ಟಿಕೆಟು, ಒಂದು ಬಾಚಣಿಗೆ. ಎಲೆಯಕ್ಕ ಅವನ್ನು ಗುಡಿಸಿ ಮುಂದೆ ಹೋಗುತ್ತಾರೆ.

ಶನಿವಾರ ಇವರು ಬರುವ ಹೊತ್ತಿಗೆ ಮರ ಕಡಿಯುವವರ ಲಾರಿ ಬಂದು ನಿಂತಿದೆ. ಹಗ್ಗ ಇಳಿಸುತ್ತಿದ್ದಾರೆ. ಮೇಸ್ತ್ರಿ ಕೈಗಡಿಯಾರ ನೋಡುತ್ತಾ, "ಏನಮ್ಮ, ಬಿತ್ತಾ ಏನಾದ್ರೂ?" ಎಂದು ಕೇಳುತ್ತಾರೆ. ಎಲೆಯಕ್ಕ ಬಗ್ಗುತ್ತಾರೆ. ಮರದ ಕೆಳಗೆ ಏನೂ ಇಲ್ಲ. ಸಿಪ್ಪೆ ಹಾಗಿರಲಿ, ಟಿಕೆಟಿನ ಚೂರೂ ಇಲ್ಲ, ಬೀಡಿ ತುಂಡೂ ಇಲ್ಲ. ಲಾರಿಯವನು ಗರಗಸಕ್ಕೆ ಎಣ್ಣೆ ಬಿಡುತ್ತಿದ್ದಾನೆ.

ಎಲೆಯಕ್ಕ ಮಂಡಿಯೂರಿ ಕುಳಿತು ನೆಲಕ್ಕೆ ಅಡ್ಡಲಾಗಿ ಟಾರ್ಚು ಹಿಡಿಯುತ್ತಾರೆ. ಧೂಳಿನಲ್ಲಿ ಗೆರೆಗಳಿವೆ.

"ಇದು ನನ್ನ ಪೊರಕೆ ಅಲ್ಲ," ಎನ್ನುತ್ತಾರೆ. "ನಂದು ಅಗಲ ಗೆರೆ, ಬಲದಿಂದ ಎಡಕ್ಕೆ. ಇದು ಮನೆ ಪೊರಕೆ. ಸಣ್ಣ ಗೆರೆ. ಯಾರೋ ಗುಡಿಸಿದಾರೆ. ಸಾಹೇಬ್ರೇ, ಐದು ನಿಮಿಷ."

ತಂಗುದಾಣದ ಹಿಂದೆ ಬೀಗದ ಕೈ ಮಾಡುವವನ ಪುಟ್ಟ ಅಂಗಡಿ. ಅವನ ಹೆಂಡತಿ ಆಗಷ್ಟೇ ಒಲೆ ಹಚ್ಚುತ್ತಿದ್ದಾಳೆ. ಹೌದು, ಗುಡಿಸಿದ್ದು ಅವಳೇ. ಮರ ಕಡಿಯಲು ಸಾಹೇಬರು ಬರುತ್ತಾರೆ, ಅಂಗಡಿ ಮುಂದೆ ಗಲೀಜು ಕಂಡರೆ ಬೈಯುತ್ತಾರೆ ಎಂದು ನಾಲ್ಕೂವರೆಗೇ ಎದ್ದು ಚೊಕ್ಕಟ ಮಾಡಿದ್ದಾಳೆ. ಕಸ ಅಂಗಡಿ ಹಿಂದಿನ ಡಬ್ಬದಲ್ಲಿದೆ. ಎಲೆಯಕ್ಕ ಡಬ್ಬವನ್ನು ಎತ್ತಿ ತಂದು ಮೇಸ್ತ್ರಿಯ ಬೂಟಿನ ಮುಂದೆಯೇ ಸುರಿಯುತ್ತಾರೆ. ಟಿಕೆಟು, ಕಡಲೆ ಸಿಪ್ಪೆ, ಬೀಡಿ ತುಂಡು, ಬೂದಿ. ಬೆರಳಿನಿಂದ ಕೆದಕುತ್ತಾರೆ. ಆಮೇಲೆ ಒಂದೊಂದಾಗಿ ಆರಿಸಿ ಅಂಗೈ ಮೇಲೆ ಇಟ್ಟುಕೊಳ್ಳುತ್ತಾರೆ. ಉಗುರಿನಷ್ಟು ಉದ್ದದ, ಬಿಳಿಗೆಂಪಿನ, ತೆಳು ಸಿಪ್ಪೆಗಳು. ಒಟ್ಟು ಏಳು.

ಮೇಸ್ತ್ರಿ ತಕ್ಷಣ ಒಪ್ಪುವವರಲ್ಲ. "ಪಕ್ಕದ ಮರದ್ದು ಗಾಳಿಗೆ ಬಂದಿರಬಹುದಲ್ಲಮ್ಮ."

"ಪಕ್ಕದ್ದು ಹತ್ತು ದಿನದ ಹಿಂದೇನೇ ಉದುರ್ಸಿ ಮುಗಿಸ್ತು. ಅದು ಇಷ್ಟೊತ್ತಿಗೆ ಕಂದುಗಟ್ಟಿ ಚಕ್ಕೆ ಆಗಿರುತ್ತೆ. ಇದನ್ನ ಮುಟ್ಟಿ ನೋಡಿ, ಇನ್ನೂ ಅಂಟು ಹೋಗಿಲ್ಲ."

ಮೇಸ್ತ್ರಿ ಒಂದನ್ನು ಬೆರಳಿಗೆ ತೆಗೆದುಕೊಳ್ಳುತ್ತಾರೆ. ಕೈ ಕೊಡವಿದರೂ ಅದು ಬೀಳುವುದಿಲ್ಲ. ಮತ್ತೊಮ್ಮೆ ಕೊಡವುತ್ತಾರೆ. ಕೊನೆಗೆ ತಲೆಯೆತ್ತಿ ಮರವನ್ನು ನೋಡುತ್ತಾರೆ, ಲಾರಿಯವನನ್ನು ನೋಡುತ್ತಾರೆ. ಲಾರಿಯವನು ತಾನಾಗಿಯೇ ಹಗ್ಗ ಸುತ್ತತೊಡಗುತ್ತಾನೆ. "ಒಂದು ವಾರ ನೋಡೋಣ," ಎನ್ನುತ್ತಾರೆ ಮೇಸ್ತ್ರಿ. ಹೋಗುವಾಗ ಬಣ್ಣದ ಡಬ್ಬ ತರಿಸಿ ಕೆಂಪು ಗುರುತಿನ ಮೇಲೆ ಕಪ್ಪು ಬಳಿಸುತ್ತಾರೆ. ಒಂದು ವಾರ ನೋಡುವವರು ಗುರುತು ಅಳಿಸುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಬೀಗದ ಕೈಯವನ ಹೆಂಡತಿ ತಪ್ಪು ಮಾಡಿದವಳಂತೆ ಸೆರಗು ಹಿಡಿದು ನಿಂತಿದ್ದಾಳೆ. ಎಲೆಯಕ್ಕ ಅವಳ ಬೆನ್ನು ತಟ್ಟಿ, "ನಿಂದೇನೂ ತಪ್ಪಿಲ್ಲ ತಾಯಿ. ಗುಡಿಸು, ಆದ್ರೆ ನನಗೆ ಒಂದು ಮಾತು ಹೇಳು," ಎನ್ನುತ್ತಾರೆ.

ಸುದ್ದಿ ಕೇಳಿ ಟೀಚರಮ್ಮ ಕೋಲೂರಿಕೊಂಡು ಬಂದಿದ್ದಾರೆ. ಒಂದು ಹೋಯಿತು, ಒಂದು ಉಳಿಯಿತು, ಅಲ್ಲಿಗೆ ಸರಿಹೋಯಿತು ಎಂದು ಅವರು ಸಮಾಧಾನದ ಮಾತಾಡಿದರೆ ಎಲೆಯಕ್ಕ ತಲೆ ಅಲ್ಲಾಡಿಸುತ್ತಾರೆ. "ಎಲ್ಲಿ ಸರಿಹೋಯ್ತು ಟೀಚರಮ್ಮ? ಅದು ಬೇರೆ ಮರ, ಇದು ಬೇರೆ ಮರ." ಅಷ್ಟು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಟೀಚರಮ್ಮನ ಅಂಗೈ ಬಿಡಿಸಿ ಒಂದು ಸಿಪ್ಪೆ ಇಟ್ಟು ಮುಚ್ಚುತ್ತಾರೆ.

ಮುಂದಿನ ವರ್ಷ ಇವರಿಗೆ ನಿವೃತ್ತಿ. ಸನ್ಮಾನ, ಹಾರ ಯಾವುದರ ಆಸೆಯೂ ಇಲ್ಲ. ಈ ರಸ್ತೆಗೆ ಬರುವ ಹೊಸಬಳಿಗೆ ಪೊರಕೆಯ ಜೊತೆ ನೋಡೋ ಸುತ್ತನ್ನೂ ಒಪ್ಪಿಸಲು ಎರಡು ದಿನ ಅವಕಾಶ ಕೊಟ್ಟರೆ ಸಾಕು ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಬೆಂಚಿನ ಮೇಲೆ ಅಂಗಾತ ಮಲಗಿ ಒಂದು ಸಲ ಮರದ ಮೇಲ್ಭಾಗ ನೋಡಬೇಕಂತೆ. ಅದಕ್ಕೆ ಕತ್ತು ಎತ್ತಬೇಕಾಗಿಲ್ಲವಲ್ಲ ಎಂದು ನಗುತ್ತಾರೆ.

ಬಿಸಿಲು ಏರಿದೆ. ಎಲೆಯಕ್ಕ ಗಾಡಿ ತಳ್ಳಿಕೊಂಡು ಹೊರಡುತ್ತಾರೆ. ಐವತ್ತೇಳು ಮರಗಳ ಬುಡ ಚೊಕ್ಕಟವಾಗಿದೆ. ಮೂವತ್ತೇಳರ ಕೆಳಗೆ ಮಾತ್ರ ಆಗಲೇ ಹೊಸ ಸಿಪ್ಪೆಗಳು ಹತ್ತಾರು ಬಿದ್ದಿವೆ, ಪೊರಕೆ ಅತ್ತ ಸುಳಿಯುವುದಿಲ್ಲ. ಮರೆತಿರೇನೋ ಎಂದರೆ ತಿರುಗಿ ಹೇಳುತ್ತಾರೆ:

"ಇವತ್ತೊಂದು ದಿನ ಇರ್ಲಿ. ಯಾರಾದ್ರೂ ಕೇಳಿದ್ರೆ, ಅದು ಕಸ ಅಲ್ಲ ಅಂತ ಹೇಳಿ."