ಎಲೆ ಸಂಚಿಯಲ್ಲಿ ಕಾರಿನ ಚಾವಿ

ನಲವತ್ತು ದಾಟಿದ ಮೇಲೆ ಕಾರು ಕಲಿತವಳು ನಾನು. ಶಹಾಪುರದ ಶಾಲೆಯಲ್ಲಿ ಪಾಠ ಹೇಳುವಾಗ ಇಲ್ಲದ ಗತ್ತು ಸ್ಟೇರಿಂಗ್ ಹಿಡಿದರೆ ಬಂದುಬಿಡುತ್ತಿತ್ತು. ಮನೆಯಲ್ಲಿ ಅದು ಯಾರಿಗೂ ಹಿಡಿಸಿರಲಿಲ್ಲ. ಅತ್ತೆಯಂತೂ ಹಿಂದೆ ಕೂತು, ಊರು ಮುಟ್ಟುವವರೆಗೂ ನನ್ನ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದರು.

ಆ ದಿನ ಸುರಪುರದ ಮದುವೆಯೊಂದನ್ನು ಮುಗಿಸಿ ಅತ್ತೆ, ನಾನು ಇಬ್ಬರೇ ಬರುತ್ತಿದ್ದೆವು. ದೇವಾಪುರದ ಹತ್ತಿರ ಕುರಿಹಿಂಡು ಅಡ್ಡ ಬಂತು, ನಿಲ್ಲಿಸಿದೆ. ಹಾರ್ನ್ ಹೊಡೆಯದೆ ಕಾದವರ ಗಾಡಿಗೆ ಭಂಡಾರ ಹಚ್ಚುವುದು ಹಿಂಡಿನ ಹಿಂದಿದ್ದ ಮುದುಕ ಕುರಿಗಾರನ ರೂಢಿಯಂತೆ. ಪಕ್ಕದಲ್ಲಿ ನಿಂತು, ಚೀಲದ ಆ ದೇವರ ಅರಿಶಿನ ಪುಡಿ ಬಳಿದ ಅಂಗೈಯನ್ನು ಬಾನೆಟ್ ಮೇಲೆ ಒತ್ತಿದ. ಅಷ್ಟರಲ್ಲಿ ಹಿಂದಿನಿಂದ ಧಡ್! ಪಿಕಪ್ ಗಾಡಿಯೊಂದು ಬಂದು ಗುದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಹಿಂಬದಿ ನುಜ್ಜುಗುಜ್ಜಾಗಿತ್ತು, ಕಾರು ಮುಂದಕ್ಕೆ ಜಿಗಿದಿದ್ದರಿಂದ ಬಾನೆಟ್ ಮೇಲಿನ ಹಳದಿ ಅಂಗೈ ಗುರುತು ಹಿಂದಕ್ಕೆ ಉದ್ದವಾಗಿ ಜಾರಿತ್ತು.

ಅಲ್ಲಿ "ತಪ್ಪಾತ್ರಿ ಮೇಡಂ" ಎಂದು ಕೈಮುಗಿದ ಡ್ರೈವರ್, ತನ್ನ ವಿಮೆ ಕಂಪನಿಗೆ ಬೇರೆಯೇ ಕಥೆ ಹೇಳಿದ. ನಾನೇ ರಿವರ್ಸ್ ಬಂದು ಅವನಿಗೆ ಗುದ್ದಿದೆನಂತೆ! ನನ್ನ ಪಿತ್ತ ನೆತ್ತಿಗೇರಿತು. ಯಾದಗಿರಿಯಲ್ಲಿ ನೌಕರಿ ಮಾಡುವ ನನ್ನ ಗಂಡ ಅಲ್ಲಿಂದಲೇ ತೀರ್ಪು ಕೊಟ್ಟರು. ವಿಮೆಯವರು ತಪ್ಪು ನನ್ನದೆಂದರೆ ಇನ್ನು ನಾನು ಕಾರು ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಚಾವಿ ಅತ್ತೆಯ ಎಲೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ.

ಪಿಕಪ್‌ನವನ ವಿಮೆ ಕಂಪನಿಯ ಸರ್ವೇಯರ್ ಗಾಡಿ ಪರಿಶೀಲಿಸಲು ಬರುವುದು ಗೊತ್ತಾದಾಗ ನಾನು ಕುಣಿದಾಡಿದೆ. ಬಾನೆಟ್ ಮೇಲಿನ ಅಂಗೈ ಗುರುತೇ ಸಾಕ್ಷಿ, ಬಂದು ನೋಡಿ ಎಂದು ಫೋನಿನಲ್ಲೇ ಕೊಚ್ಚಿಕೊಂಡಿದ್ದೆ. ಫೋಟೋ ತೆಗೆದದ್ದು ಹಿಂಬದಿಯದ್ದು ಮಾತ್ರ. ಅವರನ್ನು ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಮನೆಗೆ ಬಂದರೆ ಕಾರು ಫಳಫಳ ಹೊಳೆಯುತ್ತಿದೆ!

"ಸಾಹೇಬ್ರು ಬರ್ತಾರಂದಿ. ಹೊಲಸ ಗಾಡಿ ಹ್ಯಾಂಗ ತೋರಿಸ್ಲಿ? ತೊಳದೀನಿ," ಅಂದರು ಅತ್ತೆ. "ಭಂಡಾರ ಯಾರೂ ತುಳೀಬಾರದಂತ ಒರಿಸಿದ ಅರಿವಿ ನೀರು ತುಳಸಿ ಗಿಡಕ್ಕ ಹಿಂಡೀನಿ."

ನಾನು ಹಣೆ ಚಚ್ಚಿಕೊಂಡೆ. ಸರ್ವೇಯರ್ ನಗು ತಡೆದುಕೊಂಡರು. "ಮನಿಯವರ ಮಾತು ನಡಿಯಂಗಿಲ್ರಿ ಮೇಡಂ. ಹೊರಗಿನವರು ಯಾರರೆ ನೋಡ್ಯಾರೇನು?"

ಕುರಿಗಾರ ನೋಡಿದ್ದ. ಆದರೆ ಅಲೆಯುವ ಹಿಂಡಿನವನನ್ನು ಎಲ್ಲಿ ಹುಡುಕುವುದು? ಅತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದರು. "ಹಗಲಿ ಎಲ್ಲೆರೆ ಮೇಯ್ಲಿ, ರಾತ್ರಿ ಗೊಬ್ಬರಕ್ಕ ಯಾರದರೆ ಹೊಲದಾಗ ನಿಲ್ಸೇ ನಿಲ್ಸ್ತಾರ. ಈಗ ಯಾರ ಹೊಲದಾಗ ಕುರಿ ಅದಾವ ಕೇಳಿದ್ರ ಸಿಗ್ತಾನ." ಸಂಚಿ ಬಿಚ್ಚಿ, ಚಾವಿಗೆ ಅಂಟಿದ ಸುಣ್ಣವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. "ತೆಗಿ ಗಾಡಿ."

ಹೊರಟೆವು! ಸರ್ವೇಯರ್ ನನ್ನ ಪಕ್ಕ, ಅತ್ತೆ ಹಿಂದೆ. ದೇವಾಪುರದ ಚಹಾದಂಗಡಿಯವನು ಹೊಲ ತೋರಿಸಿದ. ಮುದುಕ ಅಲ್ಲೇ ಇದ್ದ, ಒಂದು ಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದ.

"ಗಾಡಿ ಹಿಂದಕ ಹೋಗಾಕತ್ತಿತ್ತಂತ?" ಸರ್ವೇಯರ್ ಕೇಳಿದರು.

ಮುದುಕ ಅವರನ್ನೇ ದಿಟ್ಟಿಸಿದ. "ಹಿಂದಕ ಹೋಗೋ ಗಾಡಿ ಬೆನ್ನಹತ್ತಿ ಭಂಡಾರ ಹಚ್ಚಾಕ ನನಗೇನು ಹುಚ್ಚೇನ್ರಿ? ಅಕ್ಕಾರು ನಿಂತಿದ್ರು. ಅದಕ್ಕ ಹಚ್ಚೀನಿ."

ಸರ್ವೇಯರ್ ಜೋರಾಗಿ ನಕ್ಕು ಮೊಬೈಲ್ ತೆಗೆದರು. ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. "ತಪ್ಪು ನಿಮ್ದಲ್ಲಂತ ಬರೀತೀನ್ರಿ ಮೇಡಂ," ಎಂದದ್ದೇ ತಡ, ಕಾರು ಹತ್ತಿದವಳು ಖುಷಿಗೆ ಹಾರ್ನ್ ಒತ್ತಿಬಿಟ್ಟೆ. ಕುರಿಗಳೆಲ್ಲ ಚೆದುರಿ ಓಡಿದವು. ಮುದುಕ ಬೈಯುತ್ತ ಅವುಗಳ ಹಿಂದೆ ಓಡಿದ.

ವಾಪಸ್ ಬರುವಾಗ ಅತ್ತೆಯ ಫೋನು ರಿಂಗಾಯಿತು. ಗಂಡನ ದನಿ ನನಗೂ ಕೇಳಿಸುತ್ತಿತ್ತು.

"ಅವ್ವಾ, ಎಲ್ಲಿದ್ದಿ?"

"ಗಾಡ್ಯಾಗ."

"ಯಾರು ಹೊಡಿಲಾಕತ್ತಾರ?"

"ಯಾರಂದ್ರ? ನಮ್ಮ ಗಾಡಿ ಹೊಡಿಯಾಕಿ ಒಬ್ಬಾಕಿನೇ ಅದಾಳಲ್ಲೋ," ಎಂದು ಅತ್ತೆ ಫೋನಿಟ್ಟರು.

ಕನ್ನಡಿಯಲ್ಲಿ ನೋಡಿದೆ. ಅತ್ತೆಯ ಎರಡೂ ಕೈ ಎಲೆಗೆ ಸುಣ್ಣ ಹಚ್ಚುತ್ತಿದ್ದವು.